ಯೋಚಿಸದವನೋ, ಯೋಚಿಸಲಾರದ್ದೋ?

ಕರಡುಪ್ರತಿ:
ನಮಸ್ಕಾರ. ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಹೊರತಂದ, ಮನುಷ್ಯನ ತಿಳಿವಳಿಕೆಯ ಬಗೆಗಿನ ದೊಡ್ಡ ಪ್ರಬಂಧವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕನೇ ಭಾಗದ ಹತ್ತನೇ ಅಧ್ಯಾಯದಲ್ಲಿ, ವಸ್ತುಗಳ ಬಗ್ಗೆ ಹೇಳುವಾಗ, 'ಇನ್‌ಕಾಜಿಟೇಟಿವ್' ಎಂಬ ಪದ ಮತ್ತೆ ಮತ್ತೆ ಬರುತ್ತದೆ. ನಿಘಂಟಿನಲ್ಲಿ ಹತ್ತಿರವೇ ಇದ್ದ 'ಇನ್‌ಕಾಜಿಟಂಟ್' ನೋಡಿ, ಎರಡೂ ಒಂದೇ ಅಂದುಕೊಂಡು 'ವಿವೇಚನೆಯಿಲ್ಲದ' ಎಂದು ಬರೆದುಬಿಟ್ಟೆ. ಕರಡು ಓದಿದ ಹೆಂಡತಿ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ "ಕಲ್ಲಿಗೆ ವಿವೇಚನೆ ಇಲ್ಲ ಅಂತ ಬಯ್ಯೋದಾ?" ಎಂದು ಬರೆದಿದ್ದಾಳೆ. ಏನು ಹಾಕಲಿ?

ಹಳೇ ಮೇಷ್ಟ್ರು:
ನಿಮ್ಮ ಮನೆಯವರು ಸರಿಯಾಗೇ ಹಿಡಿದಿದ್ದಾರೆ ಸರ್. ಎರಡೂ ಲ್ಯಾಟಿನ್‌ನ 'ಕೋಗಿಟಾರೆ'ಯಿಂದ ಬಂದವು. ಯೋಚಿಸು ಅಂತ ಅರ್ಥ. ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್‌ನ 'ಕೋಗಿಟೊ' (ನಾನು ಯೋಚಿಸುತ್ತೇನೆ) ಕೂಡ ಅದೇ. ಬಿಡಿಸಿದರೆ, ಒಟ್ಟುಗೂಡಿಸಿ ಅಲುಗಾಡಿಸು ಎಂದಾಗುತ್ತದೆ. ನಮ್ಮ ವಿಚಾರಮಂಥನದಲ್ಲೂ ಕಡಗೋಲು ಇದೆ, ಅಲ್ವಾ?

ಆದರೆ 'ಇನ್‌ಕಾಜಿಟಂಟ್' ಎಂದರೆ ತಲೆ ಇದ್ದೂ ಓಡಿಸದವನು. ಬಸ್ಸಿನ ಕಿಟಕಿಯಿಂದ ಎಲೆಅಡಿಕೆ ಉಗಿಯುತ್ತಾನೆ, ಹಿಂದಿನ ಸೀಟಿನವರ ಅಂಗಿಯ ಗತಿ ಏನು ಅಂತ ನೋಡುವುದಿಲ್ಲ. ಅವನನ್ನು ಬಯ್ಯಬಹುದು. 'ಇನ್‌ಕಾಜಿಟೇಟಿವ್'ಗೆ ಆ ಶಕ್ತಿಯೇ ಇಲ್ಲ, ಬಯ್ದು ಏನು ಫಲ? ಲಾಕ್ ಕೊಡುವ ಉದಾಹರಣೆ ನೋಡಿ: ಕತ್ತರಿಸಿ ಬಿದ್ದ ಗಡ್ಡದ ಕೂದಲು, ಉಗುರಿನ ಚೂರು. ಯೋಚಿಸಲಾರದ್ದರಿಂದ ಯೋಚಿಸುವಂಥದ್ದು ಹುಟ್ಟಲಾರದು, ಹಾಗಾಗಿ ಮೊದಲಿನಿಂದಲೂ ಇದ್ದದ್ದು ಯೋಚಿಸುವಂಥದ್ದೇ ಆಗಿರಬೇಕು ಎಂಬುದು ಅವನ ವಾದ. ದೇವರಿದ್ದಾನೆ ಎಂದು ತೋರಿಸಲು ಹೊರಟವನು ಕ್ಷೌರದಂಗಡಿಯ ಕಸ ಎತ್ತಿಕೊಂಡದ್ದು ನನಗೆ ಭಾರಿ ಇಷ್ಟ.

ಸುಮ್ನೆ ಓದುಗ:
'ಜಡ' ಅಂದರೆ ಮುಗಿಯಿತಲ್ಲ? ಇಷ್ಟಕ್ಕೆ ಯಾಕೆ ಗುದ್ದಾಟ?

ಹಳೇ ಮೇಷ್ಟ್ರು:
ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ತೊಂದರೆ ಏನೆಂದರೆ, ನಮ್ಮಲ್ಲಿ ಜಡವಸ್ತು ಅಂದಕೂಡಲೇ ಯೋಚನೆ ಇಲ್ಲ ಎಂಬುದು ಅದರೊಳಗೇ ಸೇರಿಕೊಂಡಿರುತ್ತದೆ. ಲಾಕ್ ಅಷ್ಟು ಸಲೀಸಾಗಿ ಒಪ್ಪುವವನಲ್ಲ. ಅದೇ ನಾಲ್ಕನೇ ಭಾಗದ ಮೂರನೇ ಅಧ್ಯಾಯದಲ್ಲಿ, ದೇವರು ಮನಸ್ಸು ಮಾಡಿದರೆ ವಸ್ತುವಿಗೂ ಯೋಚಿಸುವ ಶಕ್ತಿ ಕೊಡಬಹುದು ಎನ್ನುತ್ತಾನೆ. ಬಿಷಪ್ ಸ್ಟಿಲಿಂಗ್‌ಫ್ಲೀಟ್ ಅವನ ಮೇಲೆ ಬಿದ್ದದ್ದಕ್ಕೆ ಇದೂ ಒಂದು ಕಾರಣ. 'ಜಡ' ಹಾಕಿದರೆ ಆ ಜಗಳವೇ ಕನ್ನಡದಲ್ಲಿ ಅರ್ಥವಾಗುವುದಿಲ್ಲ. ಅಲ್ಲದೆ, ಜ್ವರ ಬಿಟ್ಟ ಮೈಯನ್ನೂ ನಾವು ಜಡ ಅಂತಲೇ ಕರೆಯುತ್ತೇವೆ.

ಕರಡುಪ್ರತಿ:
ಮೇಷ್ಟ್ರೇ, ತುಂಬಾ ಉಪಕಾರವಾಯಿತು. 'ಯೋಚಿಸುವ ಶಕ್ತಿಯಿಲ್ಲದ' ಎಂದು ತಿದ್ದಿ ಹೆಂಡತಿಗೆ ತೋರಿಸಿದೆ. "ಉದ್ದ ಜಾಸ್ತಿ ಆಯ್ತು" ಎಂದಳು. ಆದರೆ ಸುತ್ತು ಹಾಕಲಿಲ್ಲ.