ಕುಣಿಯೋ ಕ್ಯಾಕ್ಟಸ್ ಕೆಟ್ಟಿದೆಯಾ? ಇಲ್ಲಿ ಕೇಳಿ

ಅಡ್ಮಿನ್: ಕುಣಿದು, ಹಾಡಿ, ನಾವು ಅಂದಿದ್ದನ್ನೇ ತಿರುಗಿ ಅನ್ನೋ ಕ್ಯಾಕ್ಟಸ್ ಗೊಂಬೆ ಬಗ್ಗೆ ದಿನಾ ಪ್ರಶ್ನೆ ಬರ್ತಿವೆ. ಆಟಿಕೆ, ರೇಡಿಯೊ ರಿಪೇರಿ ಮಾಡುವ ‘ಬೆಸುಗೆ ಕಡ್ಡಿ’ ಅವರು ಇಲ್ಲೇ ಉತ್ತರಿಸ್ತಾರೆ. ನಿಮ್ಮದು ಸೆಲ್ ಹಾಕುವ ಮಾದರಿಯೋ ಚಾರ್ಜಿಂಗ್ ಮಾದರಿಯೋ ಅಂತ ಮೊದಲೇ ಬರೆಯಿರಿ.

ಹಾಸನದ ಅಮ್ಮ: ಮೂರು ಸೆಲ್‌ನದು. ಹಾಡು ಬರುತ್ತೆ, ಕುಣಿಯಲ್ಲ. ಒಳಗೆ ಗುರ್ರ್ ಅಂತ ಸದ್ದು. ಕೊಬ್ಬರಿ ಎಣ್ಣೆ ಬಿಡಲಾ?

ಬೆಸುಗೆ ಕಡ್ಡಿ: ಬಿಡಬೇಡಿ. ಮೋಟಾರ್ ತಿರುಗ್ತಿದೆ, ಗೇರ್ ಹಿಡೀತಿಲ್ಲ. ಸೆಲ್ ತೆಗೆದು ಕುಂಡದ ತಳದ ಸ್ಕ್ರೂ ಬಿಚ್ಚಿ. ಕೆಲವದರಲ್ಲಿ ಸ್ಕ್ರೂ ಸ್ಟಿಕ್ಕರ್ ಕೆಳಗೋ ರಬ್ಬರ್ ಬಿಲ್ಲೆ ಕೆಳಗೋ ಅಡಗಿರುತ್ತೆ. ಮೋಟಾರಿನ ಕಡ್ಡಿಗೆ ಒತ್ತಿ ಕೂರಿಸಿದ ಪುಟ್ಟ ಪ್ಲಾಸ್ಟಿಕ್ ಗೇರ್ ಇರುತ್ತಲ್ಲ, ಅದನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಹಲ್ಲಿನ ನಡುವೆ ಸಣ್ಣ ಸೀಳು ಕಂಡರೆ ಮುಗೀತು: ಕಡ್ಡಿ ತಿರುಗುತ್ತೆ, ಗೇರ್ ಜಾರುತ್ತೆ. ಫೆವಿಕ್ವಿಕ್ ಹಾಕಿದರೆ ಬೇರಿಂಗ್‌ಗೆ ಇಳಿದು ಮೋಟಾರೂ ಹೋಗುತ್ತೆ. ಕಡ್ಡಿಯ ದಪ್ಪ ಅಳೆಯಿರಿ (ಹೆಚ್ಚಾಗಿ 2 ಮಿ.ಮೀ.), ಹಲ್ಲು ಎಣಿಸಿ, ಅದೇ ಅಳತೆಯದ್ದು ತನ್ನಿ. ಹಿತ್ತಾಳೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಕೂರಿಸಿದ ಮೇಲೆ ಸಾಸಿವೆ ಕಾಳಿನಷ್ಟು ಸಿಲಿಕೋನ್ ಗ್ರೀಸ್, ಅಷ್ಟೇ. ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತೆ. ನಿಮ್ಮೂರಿನ ಡಿಸೆಂಬರ್‌ಗೆ ಗೇರ್ ಪೆಟ್ಟಿಗೆ ಪೂರ್ತಿ ಮೇಣ.

ನಮ್ಮೂರ್ ತುಮಕೂರು: ಸೆಲ್ ವೀಕ್ ಆದ್ರೆ ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ರೆ ಹೊಸದಾಗುತ್ತಂತೆ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದಿದೆ, ನಿಜಾನಾ ಸರ್?

ಬೆಸುಗೆ ಕಡ್ಡಿ: ಇಲ್ಲ. ಹೊರಗೆ ತೆಗೆದಾಗ ಮೇಲೆ ನೀರು ಕೂರುತ್ತೆ, ಸ್ಪ್ರಿಂಗ್ ತುಕ್ಕು ಹಿಡಿಯುತ್ತೆ.

ಕುಂದಾಪುರ ಕಡಲು: ಮೂರು ಡಬಲ್ ಎ ಸೆಲ್‌ನದು. ಹಾಡು ಶುರುವಾಗುತ್ತೆ, ಮೋಟಾರ್ ತಿರುಗಿದ ಕೂಡಲೇ ದೀಪ ಮಂಕಾಗಿ ಹಾಡು ಮತ್ತೆ ಮೊದಲಿನಿಂದ. ಹೊಸ ಸೆಲ್ ಹಾಕಿದರೂ ಅದೇ. ಮೋಟಾರಿನ ಒಂದು ವೈರ್ ಬಿಚ್ಚಿಟ್ಟರೆ ಹಾಡು ಪೂರ್ತಿ ಬರುತ್ತೆ. ಬೋರ್ಡ್ ಹೋಗಿದೆಯಾ?

ಬೆಸುಗೆ ಕಡ್ಡಿ: ಪ್ರಶ್ನೆ ಕೇಳೋದು ಹೀಗೆ. ವೈರ್ ಬಿಚ್ಚಿ ನೋಡಿದ್ದರಿಂದ ಅರ್ಧ ಕೆಲಸ ನೀವೇ ಮುಗಿಸಿದ್ದೀರಿ. ಬೋರ್ಡ್ ಸರಿಯಾಗಿದೆ. ಮೋಟಾರ್ ಹೊರಡುವ ಕ್ಷಣದಲ್ಲಿ ತಿರುಗುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ದಾರಿಯಲ್ಲಿ ಎಲ್ಲೋ ತುಕ್ಕಿದ್ದರೆ ವೋಲ್ಟೇಜ್ ಅಲ್ಲೇ ಉಳಿದುಬಿಡುತ್ತೆ. ಲೆಕ್ಕ ನೋಡಿ: ತುಕ್ಕಿನ ಅಡ್ಡಿ ಬರೀ 1 ಓಮ್ ಇದ್ದು, ಮೋಟಾರ್ 0.8 ಆಂಪ್ ಕೇಳಿದರೆ 0.8 ವೋಲ್ಟ್ ಮಾಯ. ಹಾಡಿನ ಚಿಪ್ ಅಷ್ಟಕ್ಕೇ ಎಡವಿ ರೀಸೆಟ್ ಆಗುತ್ತೆ.

ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಡಿ. ಗೊಂಬೆ ಕುಣಿಯಲು ಹೊರಡುವಾಗಲೇ ಮೂರು ಕಡೆ ಅಳೆಯಿರಿ. ಒಂದು, ಸೆಲ್‌ಗಳ ಮೈಮೇಲೆಯೇ. ಎರಡು, ಸೆಲ್ ಪೆಟ್ಟಿಗೆಯ ತಗಡಿಗೆ ವೈರ್ ಬೆಸೆದ ಜಾಗದಲ್ಲಿ. ಮೂರು, ಬೋರ್ಡಿಗೆ ವೈರ್ ಬಂದು ಸೇರುವಲ್ಲಿ. ಸುಮ್ಮನಿದ್ದಾಗ ಅಳೆದರೆ ಮೂರೂ ಕಡೆ 4.5 ತೋರಿಸಿ ನಿಮ್ಮನ್ನು ಮೋಸ ಮಾಡುತ್ತೆ. ಸೆಲ್ ಯಾವುದು, ಆಲ್ಕಲೈನಾ ಸಾದಾ (ಜಿಂಕ್-ಕಾರ್ಬನ್) ಸೆಲ್ಲಾ?

ಬಣ್ಣದ ಬುಗುರಿ: ಇಷ್ಟೆಲ್ಲ ಕಷ್ಟ ಯಾಕೆ? ಈ ಪ್ಲಾಸ್ಟಿಕ್ ಬಿಸಾಕಿ ಚನ್ನಪಟ್ಟಣದ ಮರದ ಗೊಂಬೆ ಕೊಡಿಸಿ. ಆಲೆ ಮರ, ಅರಗಿನ ಬಣ್ಣ, ಬ್ಯಾಟರಿಯ ಹಂಗಿಲ್ಲ.

ಧಾರವಾಡ ಪೇಡೆ: ಕೂಸು ಕುಣಿಯೂದ ಬೇಕಂತ ಅಳತೈತಿ, ನೀವು ಬುಗುರಿ ಕೊಡ್ರಿ ಅಂತೀರಿ. ಇದು ರಿಪೇರಿ ಕಟ್ಟೆ ಐತ್ರಿ.

ಬಣ್ಣದ ಬುಗುರಿ: ಸ್ಥಳೀಯ ಕುಶಲಕರ್ಮಿಗಳ ಹೊಟ್ಟೆಪಾಡು ನಿಮಗೆ ತಮಾಷೆ.

ಧಾರವಾಡ ಪೇಡೆ: ಯಾರ್ ತಮಾಷಿ ಮಾಡ್ಯಾರ? ನಮ್ಮ ಮನ್ಯಾಗೂ ಚನ್ನಪಟ್ಟಣದ ಗಾಡಿ ಐತಿ. ಅದರ ಗಾಲಿ ಸಡ್ಲಾದ್ರ ನೀವು ಬಂದು ಹಚ್ಚತೀರೇನು?

ಕುಂದಾಪುರ ಕಡಲು: ಸೆಲ್ ಆಲ್ಕಲೈನ್. ಅಳೆದೆ. ಸೆಲ್ ಮೇಲೆ 4.4, ತಗಡಿನಲ್ಲಿ 4.3, ಬೋರ್ಡಿನಲ್ಲಿ 3.1.

ಬೆಸುಗೆ ಕಡ್ಡಿ: ಸಿಕ್ಕಿತು. 1.2 ವೋಲ್ಟ್ ತಗಡಿಗೂ ಬೋರ್ಡಿಗೂ ನಡುವೆ ಹೋಗ್ತಿದೆ. ಆ ದಾರಿಯಲ್ಲಿ ಎರಡೇ: ಸ್ವಿಚ್, ಮತ್ತೆ ವೈರ್. ಕಡಲ ಊರು, ಉಪ್ಪಿನ ಗಾಳಿ, ನನ್ನ ಅನುಮಾನ ಸ್ವಿಚ್ಚಿನ ಮೇಲೆ. ಸೆಲ್ ತೆಗೆದು ಸ್ವಿಚ್ಚಿನ ಎರಡು ಕಾಲುಗಳನ್ನು ವೈರ್ ತುಂಡಿನಿಂದ ಜೋಡಿಸಿ, ಸೆಲ್ ಹಾಕಿ ನೋಡಿ. ಹಾಡು ನಿಲ್ಲದೆ ಕುಣಿದರೆ ಸ್ವಿಚ್ಚೇ ಅಪರಾಧಿ. ಹೊಸ ಸ್ಲೈಡ್ ಸ್ವಿಚ್ ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಇಲ್ಲದಿದ್ದರೆ ವೈರನ್ನು ಬೆರಳಿನಿಂದ ಇಂಚಿಂಚು ಬಗ್ಗಿಸುತ್ತಾ ಹೋಗಿ. ಹಸಿರು ಪುಡಿ ಕಂಡ ಕಡೆ ಒಳಗಿನ ತಾಮ್ರ ತಿಂದುಹೋಗಿರುತ್ತೆ, ಪೂರ್ತಿ ಬದಲಿಸಿ. ಕೊನೆಗೆ ಬೋರ್ಡಿನ ಪ್ಲಸ್ ಮೈನಸ್‌ಗೆ ಅಡ್ಡಲಾಗಿ 470 ಮೈಕ್ರೋಫ್ಯಾರಡ್, 10 ವೋಲ್ಟ್ ಕೆಪಾಸಿಟರ್ ಬೆಸೆಯಿರಿ, ಮೋಟಾರ್ ಹೊರಡುವ ಕ್ಷಣದ ಕುಸಿತ ಸ್ವಲ್ಪ ತಡೆಯುತ್ತೆ. ಬಿಳಿ ಪಟ್ಟಿ ಇರುವ ಕಾಲು ಮೈನಸ್‌ಗೆ. ತಿರುಗುಮುರುಗು ಹಾಕಬೇಡಿ, ಸಿಡಿಯುತ್ತೆ.

ನಮ್ಮೂರ್ ತುಮಕೂರು: ಸೆಲ್ ಹಲ್ಲಲ್ಲಿ ಕಚ್ಚಿದರೆ ಇನ್ನೊಂದು ದಿನ ಬರುತ್ತಂತಲ್ಲ ಸರ್?

ಬೆಸುಗೆ ಕಡ್ಡಿ: ಆಲ್ಕಲೈನ್ ಸೆಲ್ ಒಳಗಿರೋದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಕಚ್ಚಿ ನೋಡಿ, ತುಟಿ ಸುಟ್ಟಮೇಲೆ ಫ್ಯಾಮಿಲಿ ಗ್ರೂಪಿಗೆ ಫೋಟೊ ಹಾಕಿ.

ಶಿರಸಿ ಸೊಪ್ಪು: ಸೆಲ್ ಸೋರಿ ಬಿಳಿ ಪುಡಿ ಕಟ್ಟಿದೆ.

ಬೆಸುಗೆ ಕಡ್ಡಿ: ಆಲ್ಕಲೈನ್ ಆದರೆ ಇಯರ್‌ಬಡ್‌ಗೆ ಎರಡು ಹನಿ ವಿನೆಗರ್, ಸಾದಾ ಸೆಲ್ ಆದರೆ ಅಡುಗೆ ಸೋಡಾ ಕಲಸಿದ ನೀರು. ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಕೈಗವಸು ಇರಲಿ. ಮುಂದೆ ಹಳೇ ಸೆಲ್ ಹೊಸ ಸೆಲ್ ಬೆರೆಸಬೇಡಿ. ಸೊರಗಿದ ಸೆಲ್‌ ಮೂಲಕ ಉಳಿದೆರಡು ಕರೆಂಟ್ ತಳ್ಳುತ್ತವೆ, ಸೋರೋದು ಅದೇ.

ದಾವಣಗೆರೆ ಬೆಣ್ಣೆ: ನಮ್ಮದು ಚಾರ್ಜಿಂಗ್ ಮಾದರಿ. ಕುಂಡದ ತಳದ ಮುಚ್ಚಳ ಒಂದು ಕಡೆ ಮೇಲೆದ್ದಿದೆ, ಬಿಚ್ಚಿದರೆ ಒಳಗಿನ ಚಪ್ಪಟೆ ಬ್ಯಾಟರಿ ಪೂರಿ ಹಾಗೆ ಊದಿದೆ. ಏನೋ ಸಿಹಿ ವಾಸನೆ. ಇನ್ನೂ ಹಾಡುತ್ತೆ, ಮಗಳು ಪಕ್ಕದಲ್ಲೇ ಇಟ್ಟುಕೊಂಡು ಮಲಗ್ತಾಳೆ. ಸೂಜಿಯಲ್ಲಿ ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತೆ ಅಂತ ವಿಡಿಯೊ ನೋಡಿದೆ.

ಬೆಸುಗೆ ಕಡ್ಡಿ: ಚುಚ್ಚಬೇಡಿ. ಉಳಿದವರ ಪ್ರಶ್ನೆ ಕಾಯಲಿ, ಇದನ್ನು ಮೊದಲು ಓದಿ.

ಚಾರ್ಜರ್ ಕಿತ್ತುಹಾಕಿ, ಸ್ವಿಚ್ ಆಫ್ ಮಾಡಿ, ಗೊಂಬೆಯನ್ನು ಈಗಲೇ ಮಗುವಿನ ಕೋಣೆಯಿಂದ ಹೊರಗಿಡಿ. ಆ ವಾಸನೆ ಬ್ಯಾಟರಿಯೊಳಗಿನ ದ್ರಾವಣದ್ದು, ಅಂದರೆ ಹೊದಿಕೆ ಎಲ್ಲೋ ಬಾಯಿಬಿಟ್ಟಿದೆ. ಅದು ಉರಿಯುವ ದ್ರಾವಣ. ಸೂಜಿ ಚುಚ್ಚಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಬೆಂಕಿ ಹೊತ್ತಿಕೊಳ್ಳುತ್ತೆ. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತೆ, ಕೋಣೆಯಲ್ಲಿ ಉಸಿರಾಡುವಂಥದ್ದಲ್ಲ.

ನಿಮಗೆ ಬೆಸುಗೆ ಅಭ್ಯಾಸ ಇಲ್ಲದಿದ್ದರೆ ಗೊಂಬೆಯನ್ನು ಹಾಗೇ ಅಂಗಡಿಗೆ ಒಯ್ಯಿರಿ. ಇದ್ದರೆ, ಅಂಗಳದಲ್ಲಿ ಕೂತು ಕೆಂಪು ವೈರ್ ಮಾತ್ರ ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಆಮೇಲೆ ಕಪ್ಪು. ಎರಡನ್ನೂ ಒಂದೇ ಕತ್ತರಿಯಲ್ಲಿ ಹಿಡಿದರೆ ಶಾರ್ಟ್. ಅಂಟಿಸಿದ್ದರೆ ಚಾಕು ಹಾಕಿ ಎಬ್ಬಿಸಬೇಡಿ, ಕುಂಡದ ಸಮೇತ ಬಿಡಿ. ಒಣ ಮರಳು ತುಂಬಿದ ಡಬ್ಬದಲ್ಲಿ ಹೊರಗಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಗಾಡಿಗೆ ಹಾಕಬೇಡಿ, ಅಲ್ಲಿ ಒತ್ತಿದಾಗ ಹೊತ್ತಿಕೊಳ್ಳುತ್ತೆ.

ಬದಲಿ ಹಾಕುವಾಗ: 3.7 ವೋಲ್ಟ್, ತುದಿಯಲ್ಲಿ ಹಳದಿ ಟೇಪಿನ ಕೆಳಗೆ ರಕ್ಷಣಾ ಬೋರ್ಡ್ ಇರುವುದೇ ಬೇಕು. ಕನೆಕ್ಟರ್ ಹೊಂದಿತು ಅಂತ ಸಿಕ್ಕಿಸಬೇಡಿ, ಕೆಲವದರಲ್ಲಿ ಕೆಂಪು ಕಪ್ಪು ಅದಲುಬದಲಾಗಿರುತ್ತೆ, ಮೀಟರ್ ಇಟ್ಟು ನೋಡಿ. ಇನ್ನು ಊದಿದ್ದು ಯಾಕೆ ಅಂತಲೂ ತಿಳಿಯಬೇಕು. ಚಾರ್ಜಿಂಗ್ ಚಿಪ್ 4056 ಅಂತಿದ್ದು, ಕರೆಂಟ್ ನಿಗದಿ ಮಾಡುವ ರೆಸಿಸ್ಟರ್ 1.2 ಕೆ (ಕಿಲೋ ಓಮ್) ಇದ್ದರೆ ಅದು 1 ಆಂಪ್ ಕೊಡುತ್ತೆ. 500 ಎಂಎಎಚ್ (ಅರ್ಧ ಆಂಪ್-ಗಂಟೆ) ಬ್ಯಾಟರಿಗೆ ಅದು ದುಪ್ಪಟ್ಟು ಹೊಡೆತ. 4.7 ಕೆ ಹಾಕಿದರೆ ಸುಮಾರು 250 ಮಿಲಿಆಂಪ್‌ಗೆ ಇಳಿಯುತ್ತೆ, ನಿಧಾನ ಆದರೂ ಕ್ಷೇಮ. ಹೊರಗಿಟ್ಟ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಶಾರ್ಜಾ ಕನ್ನಡಿಗ: ಟೈಪ್-ಸಿ ಎರಡೂ ಕಡೆ ಇರುವ ಕೇಬಲ್‌ನಲ್ಲಿ ಚಾರ್ಜ್ ಆಗಲ್ಲ.

ಬೆಸುಗೆ ಕಡ್ಡಿ: ಅಗ್ಗದ ಗೊಂಬೆಯಲ್ಲಿ ಕಾಸು ಉಳಿಸೋಕೆ 5.1 ಕೆ ರೆಸಿಸ್ಟರ್ ಎರಡನ್ನು ಹಾಕಿರಲ್ಲ, ಅದಿಲ್ಲದೆ ಟೈಪ್-ಸಿ ಚಾರ್ಜರ್ ಕರೆಂಟ್ ಬಿಡಲ್ಲ. ಒಂದು ಕಡೆ ಹಳೇ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿ.

ಮಂಡ್ಯ ಬೆಲ್ಲ: ಫ್ಯಾನ್ ಹಾಕಿದರೆ ತಾನೇ ಗೊಣಗುತ್ತೆ, ಸೆಲ್ ಬೇಗ ಖಾಲಿ. ಇದರಲ್ಲಿ ನಮ್ಮ ಕನ್ನಡ ಹಾಡು ತುಂಬಿಸಬಹುದಾ?

ಬಣ್ಣದ ಬುಗುರಿ: ಅದರಲ್ಲಿರುವ ವಿದೇಶಿ ಹಾಡಿನ ಅರ್ಥ ಗೊತ್ತಾ ನಿಮಗೆ? 2021ರಲ್ಲಿ ಪೋಲಿಷ್ ಭಾಷೆಯ ಹಾಡೊಂದು ಮಾದಕ ವಸ್ತುವಿನ ಬಗ್ಗೆ ಇದೆ ಅಂತ ಸುದ್ದಿಯಾಗಿತ್ತು. ಇಂಥದ್ದನ್ನು ಮಕ್ಕಳ ಕೈಗೆ ಕೊಡ್ತೀರಿ.

ಧಾರವಾಡ ಪೇಡೆ: ನಮ್ ಕೂಸಿಗೆ ಪೋಲಿಷ್ ಬರಂಗಿಲ್ರಿ. ನಿಮಗ ಬರತದೇನು?

ಬಣ್ಣದ ಬುಗುರಿ: ವಿಷಯ ಅದಲ್ಲ. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನಿಮ್ಮದರಲ್ಲಿ ಇದೆಯಾ ನೋಡಿ ಮಾತಾಡಿ.

ಧಾರವಾಡ ಪೇಡೆ: ನಿಮ್ಮ ಬುಗುರಿ ಮ್ಯಾಲೆ ಐತೇನು?

ಬಣ್ಣದ ಬುಗುರಿ: ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಓದಿಕೊಂಡು ಬನ್ನಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಮುಂದಿನ ಕಾಮೆಂಟ್ ಡಿಲೀಟ್.

ಬೆಸುಗೆ ಕಡ್ಡಿ: ಗುರುತಿನ ವಿಷಯದಲ್ಲಿ ಬುಗುರಿಯವರು ಹೇಳಿದ್ದು ಸರಿ. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಗೊಂಬೆ ಮನೆಗೇ ತರಬೇಡಿ.

ನಮ್ಮೂರ್ ತುಮಕೂರು: ಸರ್ ಟಾರ್ಚಿನ ಲಿಥಿಯಂ ಸೆಲ್ ಅದೇ ಸೈಜ್ ಇದೆ, 14500 ಅಂತ ಬರೆದಿದೆ. ಮೂರು ಹಾಕಿದರೆ ಜೋರಾಗಿ ಕುಣಿಯುತ್ತಾ?

ಬೆಸುಗೆ ಕಡ್ಡಿ: ಒಂದೊಂದು 3.7 ವೋಲ್ಟ್. ಮೂರು ಸೇರಿದರೆ 11.1. ಗೊಂಬೆಗೆ ಬೇಕಾದ್ದು 4.5. ಕುಣಿಯಲ್ಲ, ಹೊಗೆ ಬರುತ್ತೆ.

ನಮ್ಮೂರ್ ತುಮಕೂರು: ಕೇಳಿದ್ದಕ್ಕೆ ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕಾ? ಕಲಿಯೋಕೇ ತಾನೇ ಬಂದಿರೋದು.

ಬೆಸುಗೆ ಕಡ್ಡಿ: ರೀಚಾರ್ಜಬಲ್ ಬೇಕಾದರೆ 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಮೂರು ಹಾಕಿ. ಒಟ್ಟು 3.6, ಹೆಚ್ಚಿನ ಗೊಂಬೆ ಅದರಲ್ಲಿ ಕುಣಿಯುತ್ತೆ. ಫಾರ್ವರ್ಡ್ ತರಬೇಡಿ, ಗೊಂಬೆ ತನ್ನಿ.

ಕುಂದಾಪುರ ಕಡಲು: ಸ್ವಿಚ್ಚೇ. ವೈರ್ ಅಡ್ಡ ಹಾಕಿದೆ, ಬೋರ್ಡಿನಲ್ಲಿ 4.2 ಬಂತು, ಹಾಡು ನಿಲ್ತಿಲ್ಲ.

ಬೆಸುಗೆ ಕಡ್ಡಿ: ಒಳ್ಳೇದು. ವೈರ್ ಹಾಗೇ ಬಿಡಬೇಡಿ, ಆಫ್ ಮಾಡೋಕಾಗಲ್ಲ. ಹೊಸ ಸ್ವಿಚ್ ಹಾಕಿ.

ಶಾರ್ಜಾ ಕನ್ನಡಿಗ: ಗೊಂಬೆಯ ಬಟ್ಟೆ ವಾಷಿಂಗ್ ಮಷಿನ್‌ಗೆ ಹಾಕಬಹುದಾ?

ಮಂಡ್ಯ ಬೆಲ್ಲ: ನನ್ನ ಕನ್ನಡ ಹಾಡಿನ ಪ್ರಶ್ನೆ ಯಾರೂ ನೋಡಲೇ ಇಲ್ಲ.

ಧಾರವಾಡ ಪೇಡೆ: ನನ್ನ ಕಾಮೆಂಟ್ ಯಾಕ ಡಿಲೀಟ್ ಆತ್ರಿ?

ಬೆಸುಗೆ ಕಡ್ಡಿ: ದಾವಣಗೆರೆಯವರೇ, ಬ್ಯಾಟರಿ ಹೊರಗಿಟ್ಟಿರಾ ಇಲ್ಲವಾ? ಅದಕ್ಕೆ ಉತ್ತರ ಬರುವ ತನಕ ಬೇರೆ ಯಾವುದಕ್ಕೂ ಬರೆಯಲ್ಲ.

ನಮ್ಮೂರ್ ತುಮಕೂರು: ಸರ್, ಅಕ್ಕಿ ಡಬ್ಬದಲ್ಲಿ ಇಟ್ಟರೆ ಊದಿದ್ದು ಇಳಿಯುತ್ತಂತೆ?

ದಾವಣಗೆರೆ ಬೆಣ್ಣೆ: ಇಟ್ಟೆ ಸರ್. ಗೊಂಬೆ ಸಮೇತ, ಮರಳಿನ ಬಕೆಟ್ಟಿನಲ್ಲಿ, ಕಾಂಪೌಂಡ್ ಹತ್ತಿರ. ಮಗಳು ಅಳ್ತಿದ್ದಾಳೆ.