ಅಮ್ಮನ ಮೈಗ್ರೇನ್: ಫಾರಂನಲ್ಲಿ ಏನು ಬರೆಯೋದು?

ಪ್ರಶ್ನೆ (ಸಿಂಧನೂರು):
ನಮ್ಮಮ್ಮನಿಗೆ ಬಹಳ ವರ್ಷದಿಂದ ಮೈಗ್ರೇನ್. ರಾಯಚೂರಿನ ಡಾಕ್ಟರು 'ಮೈಡಾಸ್' ಅನ್ನೋ ಫಾರಂ ಕೊಟ್ಟಿದ್ದಾರೆ. ಕಳೆದ 3 ತಿಂಗಳಲ್ಲಿ ತಲೆನೋವಿನಿಂದ ಎಷ್ಟು ದಿನ ಕೆಲಸ ಕೆಟ್ಟಿತು ಅಂತ 5 ಪ್ರಶ್ನೆ. ಅಮ್ಮ ಎಲ್ಲದಕ್ಕೂ ಸೊನ್ನೆ ಹಾಕು ಅಂತಾರೆ. ಆದರೆ ನೋವು ಬಂದ ದಿನ ರೊಟ್ಟಿ ಬಡಿಯೋ ಸದ್ದೇ ಅವರಿಗೆ ತಡೆಯಲ್ಲ. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಬರೀ ಅನ್ನಕ್ಕಿಟ್ಟು ಮಲಗುತ್ತಾರೆ. ಅದು ಲೆಕ್ಕಕ್ಕೆ ಬರುತ್ತಾ?

ಉತ್ತರ (ಮಾನ್ವಿ):
ಖಂಡಿತ ಬರುತ್ತದೆ ತಂಗಿ. ನಾನೂ ಈ ಫಾರಂ ತುಂಬಿದವಳು. ಮನೆಗೆಲಸಕ್ಕೇ ಎರಡು ಪ್ರಶ್ನೆ ಇವೆ. ಏನೂ ಮಾಡಲಾಗದ ದಿನಗಳಿಗೆ ಒಂದು, ಅರ್ಧಕ್ಕರ್ಧ ಕಡಿಮೆಯಾದ ದಿನಗಳಿಗೆ ಇನ್ನೊಂದು. ಬರೀ ಅನ್ನಕ್ಕಿಟ್ಟ ದಿನವನ್ನು ಎರಡನೆಯದರಲ್ಲಿ ಬರೆಯಿರಿ, ಎರಡರಲ್ಲೂ ಬೇಡ. ಮದುವೆ, ಜಾತ್ರೆ ತಪ್ಪಿದ್ದಕ್ಕೆ 5ನೇ ಪ್ರಶ್ನೆ. ಎಲ್ಲಾ ಕೂಡಿಸಿ 21 ಅಥವಾ ಜಾಸ್ತಿ ಬಂದರೆ ತೊಂದರೆ ತೀವ್ರ ಅಂತ. ನಮ್ಮ ಹೆಣ್ಮಕ್ಕಳು ನೋವು ನುಂಗಿಕೊಂಡು ದುಡಿಯುತ್ತಾರೆ, ಆಮೇಲೆ ಏನೂ ಇಲ್ಲ ಅಂತಾರೆ. ನನಗೆ ಸಂಕಟ ಆಗುತ್ತದೆ. ಡಾಕ್ಟರಿಗೆ ಸೊನ್ನೆ ಕಂಡರೆ ಔಷಧಿನೂ ಹಾಗೇ ಕೊಡುತ್ತಾರೆ, ಅಲ್ವಾ?

ಉತ್ತರ (ಗಂಗಾವತಿ):
ಇನ್ನು ಮುಂದೆ ಗೋಡೆ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಗುಳಿಗೆ ತಗೊಂಡ ದಿನಗಳನ್ನೂ ಬರೆಯಿರಿ. ಸಾದಾ ನೋವಿನ ಗುಳಿಗೆ ತಿಂಗಳಿಗೆ 15 ದಿನ ಮುಟ್ಟಿದರೆ, ಗುಳಿಗೆಯಿಂದಲೇ ತಲೆನೋವು ಹೆಚ್ಚಾಗಬಹುದು. ಇದನ್ನ ಡಾಕ್ಟರಿಗೆ ಹೇಳಲೇಬೇಕು.

ಪ್ರಶ್ನೆ ಕೇಳಿದವಳು:
ಅಕ್ಕ, ಅಣ್ಣ, ಥ್ಯಾಂಕ್ಸ್. ಅಮ್ಮನ ಪಕ್ಕ ಕೂತು ಮತ್ತೆ ತುಂಬುತ್ತೇನೆ. ಗುಳಿಗೆ ಅಂತೂ ಜಾಸ್ತಿನೇ ಆಗಿದೆ.