ಅಪ್‌ಡೇಟ್: ಠಾಣೆ ಸ್ಲೋ ಲೋಕಲ್‌ನಲ್ಲಿ ಯಾತ್ರಾಗೀತೆ

ಹಿಂದೆ ನಾನು ಕೇಳಿದ್ದು ಇಷ್ಟೇ: ಮುಂಬೈಯಲ್ಲಿ ಪ್ರತಿ ಸ್ಟೇಷನ್‌ಗೂ ನಿಲ್ಲುವ ಸ್ಲೋ ಲೋಕಲ್ ರೈಲಿನಲ್ಲಿ, ಠಾಣೆಯಿಂದ ದಾದರ್‌ವರೆಗಿನ ನೂಕುನುಗ್ಗಲಲ್ಲಿ ದೇವರ ಸನ್ನಿಧಿಯಲ್ಲಿ ಮನಸ್ಸು ನಿಲ್ಲಿಸುವುದು ಹೇಗೆ? ಬಂದ ಉತ್ತರಗಳಲ್ಲಿ ಕೆಲಸಕ್ಕೆ ಬಂದದ್ದು ಬೈಬಲ್ಲಿನ ಕೀರ್ತನೆ 121. ಕೀರ್ತನೆ 120ರಿಂದ 134ರವರೆಗಿನ 15 ಯಾತ್ರಾಗೀತೆಗಳಲ್ಲಿ (ಜೆರುಸಲೇಮಿಗೆ ಯಾತ್ರೆ ಹೋಗುವಾಗ ಹಾಡುತ್ತಿದ್ದವು ಎನ್ನುತ್ತಾರೆ) ಅದು ಎರಡನೆಯದು, ಬರೀ 8 ವಚನ.

ಮೊಬೈಲ್ ನೋಡಿ ಓದುವುದು ಆಗದ ಮಾತು. ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಎದೆಗವಚಿದ ಬ್ಯಾಗಿನ ಮೇಲೆ. ಬಾಯಿಪಾಠವೇ ಸೈ. ಎರಡೆರಡು ವಚನದ ನಾಲ್ಕು ಜೋಡಿ, ಸ್ಟೇಷನ್‌ಗೊಂದರಂತೆ: ಮುಲುಂಡ್‌ವರೆಗೆ ಬೆಟ್ಟ, ನಾಹೂರ್‌ವರೆಗೆ ತೂಕಡಿಸದ ಕಾವಲುಗಾರ, ಭಾಂಡುಪ್‌ವರೆಗೆ ಹಗಲಿನ ಸೂರ್ಯ ಇರುಳಿನ ಚಂದ್ರ, ಕಾಂಜೂರ್‌ಮಾರ್ಗ್‌ವರೆಗೆ ಹೋಗುವಾಗ ಬರುವಾಗಿನ ಕಾಪು.

ಎಡವುವುದು ಮೊದಲ ವಚನದಲ್ಲೇ. ಸಹಾಯ ಬೆಟ್ಟದಿಂದ ಬರುತ್ತದೆ ಎಂದು ಓದಿಬಿಡುತ್ತಾರೆ. ಅಲ್ಲಿರುವುದು ಪ್ರಶ್ನೆ, ಭೂಮ್ಯಾಕಾಶಗಳನ್ನು ಮಾಡಿದವನಿಂದ ಎಂಬ ಉತ್ತರ ಎರಡನೆಯದರಲ್ಲಿ. ಹಾಗಾಗಿ ಆ ಜೋಡಿಯ ನಡುವೆ ಉಸಿರಿಗೆಂದು ನಿಲ್ಲಬಾರದು. ಕಾಯುವುದು ಎಂಬರ್ಥದ ಹೀಬ್ರೂ ಧಾತು ಇಡೀ ಗೀತೆಯಲ್ಲಿ ಆರು ಸಲ ಬರುತ್ತದೆ, ಅಲ್ಲೆಲ್ಲ ಸ್ವಲ್ಪ ನಿಧಾನ.

ಘಾಟ್‌ಕೋಪರ್ ದಾಟಿದರೆ ಮೈ ಅಲುಗಿಸಲೂ ಜಾಗವಿಲ್ಲ. ಆಗ ಕೀರ್ತನೆ 131 ಸಾಕು: ಮೂರೇ ವಚನ, ಮೊಲೆ ಬಿಡಿಸಿದ ಕೂಸು ತಾಯಿಯ ಬಳಿ ಸುಮ್ಮನಿರುವ ಚಿತ್ರ. ಹಾಲಿಗಾಗಿ ಅಳುವ ಕೂಸಲ್ಲ, ಗಮನಿಸಿ. 132ರ ಗೊಡವೆ ಬೇಡ, 18 ವಚನ, ಭಾನುವಾರಕ್ಕಿರಲಿ.